ಸೋಮವಾರದ ಅರ್ತ್

ಜನವರಿ ೧೬, ೧೯೩೯, ಸೋಮವಾರ

ರಿಪೋರ್ಟು ಬರೆಯುವವನ ಕೈ ದಿನಾ ಓಡುತ್ತಿರಬೇಕು, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ ಎಂದು ರುಡೊಲ್ಫ್ ಮಾಸ್ಟರು ತರಗತಿಯಲ್ಲಿ ಹೇಳಿದರು. ಹಾಗಾಗಿ ಈ ದಿನಚರಿ. ಇದನ್ನು ಬೇರೆ ಯಾರೂ ಓದತಕ್ಕದ್ದಲ್ಲ. ಕಮರುದ್ದೀನ್ ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಬೇಕು.

ರಿಪೋರ್ಟಿನ ಹಾಗೆ ಉದ್ದೇಶದಿಂದಲೇ ಶುರು ಮಾಡುತ್ತೇನೆ. ಉದ್ದೇಶ: ಬಿಕರ್ನಕಟ್ಟೆಯ ಈ ಟೆಕ್ನಿಕಲ್ ಸ್ಕೂಲಿನಿಂದ ಆದಷ್ಟು ಬೇಗ ಹೊರಬೀಳುವುದು. ಅದಕ್ಕೆ ಏಪ್ರಿಲಿನಲ್ಲಿ ಮದ್ರಾಸಿನವರ ಪರೀಕ್ಷೆಗೆ ಕೂರಬೇಕು. ಕೂರಲು ಕೊನೆಯ ಪ್ರಯೋಗದ ರಿಪೋರ್ಟಿಗೆ ಮಾಸ್ಟರ ಸಹಿ ಬೇಕು. ಸಹಿಯಾದ ರಿಪೋರ್ಟುಗಳ ಕಟ್ಟು ಮಾರ್ಚ್ ಕೊನೆಗೆ ಮದ್ರಾಸಿಗೆ ಹೋಗುತ್ತದೆ. ಪಾಸಾದರೆ ವಿದ್ಯುತ್ ಕಂಪೆನಿಯಲ್ಲಿ ಕೆಲಸ ಉಂಟೆಂದು ಅಲ್ಲಿಯ ಇಂಜಿನಿಯರು ಅಪ್ಪನಿಗೆ ಬಾಯಿಮಾತಿನಲ್ಲಿ ಹೇಳಿದ್ದಾರೆ. ಅಪ್ಪ ಕೂಳೂರಿನ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಮುಂದೆ ನಿಲ್ಲುವವರು. ಆ ಮಾತನ್ನು ಅವರು ನಮ್ಮೂರು ಬೈಕಂಪಾಡಿಯ ಪ್ರತಿ ಮನೆಗೂ ಮುಟ್ಟಿಸಿದ್ದಾರೆ. ಆದ್ದರಿಂದ ಫೇಲಾಗುವ ಸೌಕರ್ಯ ನನಗಿಲ್ಲ.

ಜೊತೆಗಾರನಾಗಿ ಕಮರುದ್ದೀನನನ್ನು ಕೊಟ್ಟಿದ್ದಾರೆ. ಬಂದರಿನ ಒಣಮೀನಿನ ವ್ಯಾಪಾರಿಯ ಮಗ. ಅಂಗಿ ಯಾವಾಗಲೂ ಶುಭ್ರ, ವಾಸನೆ ಯಾವಾಗಲೂ ಗೋದಾಮಿನದು. ಮಾತು ಜಾಸ್ತಿ.

ಮಧ್ಯಾಹ್ನ ಊಟಕ್ಕೆ ಸೌತೆಕಾಯಿ ಹುಳಿ. ಸೋಮವಾರ ಮೆಸ್ಸಿನಲ್ಲಿ ಮೀನು ಇಲ್ಲ. ಅಡುಗೆಯ ದೇಯಿಗೆ ಸೋಮವಾರ ಒಪ್ಪತ್ತು. ಆ ದಿನ ಅವಳು ಮೀನು ಮುಟ್ಟುವುದಿಲ್ಲ. ಅವಳ ವ್ರತಕ್ಕೆ ನಾವೆಲ್ಲ ಸೌತೆಕಾಯಿ ತಿನ್ನಬೇಕು.

ಜನವರಿ ೨೩, ಸೋಮವಾರ

ಕೊನೆಯ ಪ್ರಯೋಗ ಶುರು ಮಾಡಿದೆವು: ಅರ್ತ್ ಅಳೆಯುವುದು. ಕಬ್ಬಿಣದ ಯಂತ್ರಕ್ಕೆ ಎಲ್ಲಿಯಾದರೂ ಕರೆಂಟು ಸೋರಿದರೆ ಅದು ಮುಟ್ಟಿದವನ ಮೈಯಿಂದ ಹೋಗಬಾರದು, ತಂತಿಯಿಂದ ನೆಲಕ್ಕೆ ಇಳಿಯಬೇಕು. ಅದಕ್ಕಾಗಿ ಅಡುಗೆಕೋಣೆಯ ಹಿಂದೆ ತಾಮ್ರದ ತಗಡೊಂದನ್ನು ಇದ್ದಿಲು, ಉಪ್ಪು ಹಾಕಿ ಹೂತು, ತಂತಿ ಎಳೆದು ಯಂತ್ರಗಳ ಮೈಗೆ ಬಿಗಿದಿದ್ದಾರೆ. ಅದೇ ಅರ್ತ್. ಅಲ್ಲಿಯ ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ನಾವು ಅಳೆಯಬೇಕು. ತಡೆ ಕಡಿಮೆಯಾದಷ್ಟು ಒಳ್ಳೆಯದು. ಪ್ರತಿ ವರ್ಷದ ಉತ್ತರ ನಾಲ್ಕು ಓಮ್. ಇದು ಗುಟ್ಟೇನೂ ಅಲ್ಲ, ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಹಳೆಯ ಕೊಡೆಯ ಹಾಗೆ ದಾಟಿ ಬಂದಿದೆ.

ಎಲ್ಲರೂ ಬುಧವಾರ ಅಳೆಯುತ್ತಾರೆ. ಬುಧವಾರ ಮೀಟರಿಗೆ ಸಾಲು ನಿಲ್ಲಬೇಕು ಎಂದು ನಾನು ಜಾಣತನ ಮಾಡಿ ಸೋಮವಾರ ಕೇಳಿಕೊಂಡೆ. ಬಂದದ್ದು ಐವತ್ತೆಂಟು.

ತಂತಿಗಳನ್ನು ಬಿಚ್ಚಿ, ತುದಿ ಉಜ್ಜಿ, ಮತ್ತೆ ಕಟ್ಟಿದೆವು. ಐವತ್ತೆಂಟು. ಕಮರುದ್ದೀನ್ ಮೀಟರಿನ ಗಾಜಿಗೆ ಬೆರಳಿನಿಂದ ತಟ್ಟಿ, "ಇದು ನಾಲ್ಕು ಅಲ್ಲ ಮಾರಾಯ" ಎಂದ. ಇಷ್ಟು ಹೇಳಲಿಕ್ಕೆ ಒಬ್ಬ ಜೊತೆಗಾರ!

ಮಾಸ್ಟರು ಕಾಗದ ನೋಡಿ ವಾಪಸು ಕೊಟ್ಟರು. "ನೆಲ ಅದೇ ಉಂಟು, ತಗಡು ಅದೇ ಉಂಟು. ಹಾಗಾದರೆ ತಪ್ಪು ಎಲ್ಲಿ ಉಂಟು, ನೀನೇ ಹೇಳು ಗುರುವಪ್ಪ."

ಜನವರಿ ೨೫, ಬುಧವಾರ

ಮಧ್ಯಾಹ್ನ ಬಂಗುಡೆ ಮೀನಿನ ಪುಳಿಮುಂಚಿ ಸಾರು. ಹೊಟ್ಟೆ ಬಿರಿಯ ತಿಂದು ಅಳೆದೆವು. ನಾಲ್ಕು!

ಸೋಮವಾರದ ತಪ್ಪು ಕಮರುದ್ದೀನನದು ಎಂದು ತೀರ್ಮಾನಿಸಿ ಅವನಿಗೂ ತಿಳಿಸಿದೆ. ಅವನ ಮುಖ ಸಣ್ಣದಾಯಿತು. ಮೂರು ಬೇರೆ ಬೇರೆ ದಿನಗಳ ರೀಡಿಂಗ್ ಬರೆಯಬೇಕೆಂದು ಮದ್ರಾಸಿನವರ ನಿಯಮ ಉಂಟು. ಉಳಿದವರು ಒಂದೇ ದಿನ ಅಳೆದು ನಾಲ್ಕನ್ನೇ ಮೂರು ಸಲ ಬರೆದಿದ್ದಾರೆ. ನೋಡಲಿಕ್ಕೆ ಚಂದವಿರಲೆಂದು ಒಂದು ಕಡೆ ನಾಲ್ಕೂಕಾಲು. ನಾನೂ ಹಾಗೆಯೇ ಮುಗಿಸುತ್ತಿದ್ದೆ. ಕಮರುದ್ದೀನ್ ಬಿಡಲಿಲ್ಲ.

"ಸೋಮವಾರ ಇನ್ನೊಮ್ಮೆ ಅಳೆಯುವ. ನಾನು ಒಂದು ತಂತಿಯೂ ಮುಟ್ಟುವುದಿಲ್ಲ. ಆಮೇಲೆ ಯಾರ ತಪ್ಪು ಅಂತ ಹೇಳು" ಎಂದ.

ಜನವರಿ ೩೦, ಸೋಮವಾರ

ಅರುವತ್ತು.

ಕಮರುದ್ದೀನ್ ಮಾತು ಕೊಟ್ಟ ಹಾಗೆ ಮಾವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದ. ಏನಾದರೂ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಊಟಕ್ಕೆ ಹರಿವೆ ಸೊಪ್ಪು.

ಫೆಬ್ರವರಿ ೧, ಬುಧವಾರ

ಇಂದು ಸ್ಕೂಲಿಗೆ ದೊಡ್ಡ ದಿನ. ಮಾಸ್ಟರು ಎರಡು ವರ್ಷದಿಂದ ವರ್ಕ್‌ಶಾಪಿನಲ್ಲಿ ಕಟ್ಟುತ್ತಿದ್ದ ಯಂತ್ರವನ್ನು ಮೆಸ್ಸಿನಲ್ಲಿ ಕೂರಿಸಿದರು. ಕಡೆಯುವ ಕಲ್ಲಿಗೆ, ಅಂದರೆ ರುಬ್ಬುಗಲ್ಲಿಗೆ, ಮೋಟಾರು! ಕಬ್ಬಿಣದ ಚೌಕಟ್ಟಿನಲ್ಲಿ ಕಲ್ಲು, ಪಕ್ಕದಲ್ಲಿ ಮೋಟಾರು, ನಡುವೆ ಪಟ್ಟಿ. ಗುಂಡಿ ಒತ್ತಿದರೆ ಗುಂಡುಕಲ್ಲು ತಾನೇ ತಿರುಗುತ್ತದೆ. ನಿಲ್ಲಿಸಲು ಕಬ್ಬಿಣದ ಹಿಡಿಕೆ ಎಳೆಯಬೇಕು. ಮಾರ್ಚಿನಲ್ಲಿ ಮದ್ರಾಸಿನಿಂದ ಇನ್‌ಸ್ಪೆಕ್ಟರು ಬರುತ್ತಾರೆ, ಅವರು ನೋಡಬೇಕಾದದ್ದು ಇದೇ ಎಂದು ಮಾಸ್ಟರು ಚೌಕಟ್ಟನ್ನು ಕರವಸ್ತ್ರದಿಂದ ಒರೆಸುತ್ತಾ ಹೇಳಿದರು. ನಾವು ಚಪ್ಪಾಳೆ ತಟ್ಟಿದೆವು. ಚೌಕಟ್ಟಿಗೆ ಅರ್ತಿನ ತಂತಿಯನ್ನು ನಾನೇ ಬಿಗಿದೆ.

ದೇಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಇನ್ನು ನನ್ನ ಕೈಗೆ ಎಂತ ಕೆಲಸ? ಕೂತು ನಿದ್ದೆ ಮಾಡುವುದಾ?"

ಬೂತಾಯಿ ಮೀನು ಹುರಿದದ್ದು ಇತ್ತು. ರೀಡಿಂಗ್ ನಾಲ್ಕು.

ಫೆಬ್ರವರಿ ೬, ಸೋಮವಾರ

ಚಟ್ನಿ ತಡವಾಯಿತು. ಕಲ್ಲು ಕಚ್ಚುತ್ತದೆ ಎಂದು ದೇಯಿಯ ದೂರು. ಹಿಡಿಕೆಗೆ ಕೈ ಇಟ್ಟರೆ ಮೊಣಕೈಯ ತನಕ ಜುಮ್ಮೆನ್ನುತ್ತದಂತೆ. ಮಾಸ್ಟರು ಬಂದು, ಬೂಟು ಹಾಕಿದ ಕಾಲಲ್ಲಿ ನಿಂತು, ಒಣ ಕೈಯಲ್ಲಿ ಹಿಡಿಕೆ ಹಿಡಿದು ತೋರಿಸಿದರು. "ಎಂತ ಇಲ್ಲ. ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿ ಇದ್ದೀ ಅಲ್ವಾ, ತಲೆ ತಿರುಗಿದ್ದು."

ನನಗೂ ಸರಿಯೆನಿಸಿತು. ರೀಡಿಂಗ್ ಅರುವತ್ತೆರಡು. ಈ ನೆಲಕ್ಕೆ ಹುಚ್ಚು ಹಿಡಿದಿದೆ.

ಫೆಬ್ರವರಿ ೧೩, ಸೋಮವಾರ

ದೇಯಿ ಇಂದು ಕೈಗೆ ಬಟ್ಟೆ ಸುತ್ತಿಕೊಂಡು ಕಡೆಯುತ್ತಿದ್ದಳು. ಬಟ್ಟೆ ಒದ್ದೆಯಾಗಿತ್ತು. ಹಿಡಿಕೆಯನ್ನು ಮುಟ್ಟಿ ಕೈ ಕೊಡವಿ, "ಯಂತ್ರಕ್ಕೂ ಸೋಮವಾರ ವ್ರತ ಉಂಟಾ ಹೇಗೆ? ಬೇರೆ ದಿನ ಎಷ್ಟು ಸಾಧು ಇರ್ತದೆ" ಎಂದಳು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಆಮೇಲೆ ಅನ್ನ ಕಲಸುತ್ತಿರುವಾಗ ಕಮರುದ್ದೀನ್ ಹೇಳಿದ, "ನಮ್ಮ ಅರ್ತಿಗೂ ಸೋಮವಾರವೇ ಅಲ್ವಾ ಹಾಳಾಗುವುದು?"

ಫೆಬ್ರವರಿ ೧೫, ಬುಧವಾರ

ಸಿಕ್ಕಿತು. ಸಿಕ್ಕದೆ ಇದ್ದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆಯೇ ಹೋಗಿ ಅರ್ತಿನ ಹತ್ತಿರ ಕೂತೆವು. ಕಮರುದ್ದೀನ್ ಮೂಗು ಅರಳಿಸಿ, "ಇಲ್ಲಿ ನಮ್ಮ ಗೋದಾಮಿನ ವಾಸನೆ ಬರ್ತದಲ್ಲ" ಎಂದ. ನಿನ್ನಿಂದಲೇ ಬರುವುದು ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ದೇಯಿ ದೊಡ್ಡ ಮಣ್ಣಿನ ಪಾತ್ರೆ ಹೊತ್ತು ಬಂದು, ಮುಷ್ಟಿಗಟ್ಟಲೆ ಉಪ್ಪು ಹಾಕಿ ಉಜ್ಜಿ ತೊಳೆದ ಬಂಗುಡೆಯ ನೀರನ್ನು ಸರಿಯಾಗಿ ನಮ್ಮ ತಗಡಿನ ಮೇಲೆ ಸುರಿದಳು.

"ಇಲ್ಲಿ ಯಾಕೆ ಸುರಿಯುವುದು?" ಎಂದು ಕೇಳಿದೆ.

"ಮತ್ತೆಲ್ಲಿ ಸುರಿಯುವುದು? ಬಸಳೆಯ ಬುಡಕ್ಕೆ ಹೊಯ್ದರೆ ಬಸಳೆ ಸಾಯ್ತದೆ. ಇಲ್ಲಿ ಮೊದಲೇ ಎಂತದೂ ಹುಟ್ಟುವುದಿಲ್ಲ."

ಹುಟ್ಟುವುದಿಲ್ಲ, ಯಾಕೆಂದರೆ ಮಾಸ್ಟರು ಉಪ್ಪು ಹೂತಿದ್ದಾರೆ. ದಿನಾ ಬೀಳುವ ಉಪ್ಪುನೀರಿನಿಂದ ನೆಲ ಒದ್ದೆಯಾಗಿದ್ದು ಅರ್ತ್ ಒಳ್ಳೆಯದಾಗುತ್ತದೆ. ಶನಿವಾರ ಮಧ್ಯಾಹ್ನಕ್ಕೆ ಮೆಸ್ಸು ಮುಚ್ಚಿ ನಾವೆಲ್ಲ ಊರಿಗೆ ಹೋಗುತ್ತೇವೆ. ಸೋಮವಾರ ಮೀನಿಲ್ಲ. ಅಷ್ಟರಲ್ಲಿ ಈ ಗುಡ್ಡದ ತೂತುತೂತಾದ ಕೆಂಪು ಮುರಕಲ್ಲು ಇದ್ದ ನೀರನ್ನೆಲ್ಲ ಕುಡಿದು ಒಣಗಿರುತ್ತದೆ. ಇಷ್ಟು ವರ್ಷದ ಎಲ್ಲರ ನಾಲ್ಕು ಓಮ್ ಬುಧವಾರದ ಬಂಗುಡೆಯ ಕೃಪೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಊಟದ ಹೊತ್ತಿಗೆ ಕಮರುದ್ದೀನ್ ನಗು ನಿಲ್ಲಿಸಿದ. "ಹಾಗಾದರೆ ದೇಯಿಯಕ್ಕನನ್ನು ಕಲ್ಲು ಕಚ್ಚಿದ್ದು ಹೌದು" ಎಂದ.

ಫೆಬ್ರವರಿ ೨೦, ಸೋಮವಾರ

ದೇಯಿಯಕ್ಕ ಕಡೆಯುತ್ತಿರುವಾಗ ಚೌಕಟ್ಟಿಗೂ ನೆಲಕ್ಕೂ ನಡುವೆ ವೋಲ್ಟ್‌ಮೀಟರು ಹಿಡಿದೆವು. ಮುಳ್ಳು ಎದ್ದು ಐವತ್ತು ದಾಟಿ ನಿಂತಿತು. ಹಿಟ್ಟಿನ ನೀರು ಮೋಟಾರಿನೊಳಗೆ ಇಳಿದು ಕರೆಂಟು ಸೋರುತ್ತಿದೆ. ಬುಧವಾರ ಅದು ಸದ್ದಿಲ್ಲದೆ ನೆಲಕ್ಕೆ ಹೋಗುತ್ತದೆ. ಇಂದು ಹೋಗಲು ದಾರಿಯಿಲ್ಲದೆ ಕಬ್ಬಿಣದಲ್ಲೇ ಕೂತು ಯಾರಾದರೂ ಮುಟ್ಟುವುದನ್ನು ಕಾಯುತ್ತದೆ.

ಅವರು ಬರಿಗಾಲಿನಲ್ಲಿ, ಒದ್ದೆ ನೆಲದ ಮೇಲೆ ನಿಂತಿದ್ದರು. ತೆಂಗಿನಕಾಯಿ ಮೆತ್ತಿದ ಕೈಯನ್ನು ಹಿಡಿಕೆಗೆ ಚಾಚಿದಾಗ ನಾನು ಕಿರುಚಿದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ಅವರು ಬೆಚ್ಚಿ, "ಎಂತಾಯ್ತು ಮಗಾ, ಚೇಳಾ?" ಎಂದರು. ನನಗೆ ತುಂಬ ಹೆದರಿಕೆಯಾಗಿತ್ತು. ಊಟ ಸೇರಲಿಲ್ಲ, ಅದು ಸೌತೆಕಾಯಿ ಎಂಬ ಕಾರಣಕ್ಕೂ ಇರಬಹುದು.

ಫೆಬ್ರವರಿ ೨೧, ಮಂಗಳವಾರ

ಮಾಸ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಯ್ಯುತ್ತಾರೆಂದುಕೊಂಡಿದ್ದೆ, ಬಯ್ಯಲಿಲ್ಲ.

"ಇಷ್ಟು ವರ್ಷ ಎಲ್ಲ ಮಕ್ಕಳಿಗೂ ನಾಲ್ಕು ಅಂತ ಸಹಿ ಹಾಕಿದ್ದೇನೆ. ಈಗ ನಿನಗೆ ಅರುವತ್ತು ಅಂತ ಹಾಕಿದರೆ ಮದ್ರಾಸಿನವರು ಸುಮ್ಮನೆ ಇರುತ್ತಾರಾ? ಹಳೆಯದೆಲ್ಲ ತೆಗೆದು ನೋಡುತ್ತಾರೆ. ಆ ಮಕ್ಕಳು ಈಗ ಕೆಲಸದಲ್ಲಿ ಇದ್ದಾರೆ ಗುರುವಪ್ಪ."

"ಆದರೆ ಸರ್, ಯಂತ್ರ…"

"ಸೋಮವಾರ ಯಂತ್ರ ಬೇಡ. ಅವಳು ಕೈಯಲ್ಲೇ ಕಡೆಯಲಿ, ನಾನೇ ಹೇಳುತ್ತೇನೆ. ನೀನು ಬುಧವಾರದ ರೀಡಿಂಗ್ ಬರೆ. ಬುಧವಾರ ನೀನು ಅಳೆದದ್ದು ಸುಳ್ಳಾ?"

ಸುಳ್ಳಲ್ಲ. ಮೂರು ಬುಧವಾರ ನಾನೇ ನನ್ನ ಕಣ್ಣಿನಿಂದ ನೋಡಿದ್ದೇನೆ. ಇದಕ್ಕಿಂತ ಸುಲಭದ ದಾರಿ ಇಲ್ಲ. ರಿಪೋರ್ಟನ್ನು ಹಾಗೆಯೇ ಬರೆದು ಮುಗಿಸಿದೆ. ಅಕ್ಷರ ಮುದ್ದಾಗಿ ಬಂದಿದೆ. ನಾಳೆ ಕೊಡುತ್ತೇನೆ.

ಫೆಬ್ರವರಿ ೨೨, ಬುಧವಾರ

ಕೊಡಲಿಲ್ಲ. ಮಾಸ್ಟರು ಕ್ರೈಸ್ತರ ಬೂದಿ ಬುಧವಾರದ ಪೂಜೆಗೆ ಇಗರ್ಜಿಗೆ ಹೋಗಿದ್ದರು.

ಫೆಬ್ರವರಿ ೨೪, ಶುಕ್ರವಾರ

ಮಾಸ್ಟರು ಇದ್ದರು. ಕೊಡಲಿಲ್ಲ.

ಮಾರ್ಚ್ ೯, ಗುರುವಾರ

ಎರಡು ದಿನದಿಂದ ಕಡಲಿನಲ್ಲಿ ಗಾಳಿ. ದೋಣಿ ಇಳಿಯಲಿಲ್ಲ, ಬಂದರಿನಲ್ಲಿ ಮೀನಿಲ್ಲ. ಮೆಸ್ಸಿನಲ್ಲಿ ನಿನ್ನೆಯೂ ಇಂದೂ ಬದನೆಕಾಯಿ. ಇಂದು ಸೋಮವಾರವಲ್ಲವಾದ್ದರಿಂದ ಯಂತ್ರ ಓಡುತ್ತಿತ್ತು. ಮೀನಿಲ್ಲದಿದ್ದರೆ ಅರ್ತೂ ಇಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಗಾಳಿಯ ವಿಷಯ ಕಮರುದ್ದೀನ್ ನಿನ್ನೆಯಿಂದ ಹೇಳುತ್ತಲೇ ಇದ್ದ. ಅದು ಅವನ ಅಪ್ಪನ ವ್ಯಾಪಾರದ ಚಿಂತೆ ಎಂದುಕೊಂಡಿದ್ದೆ.

ತರಗತಿಯಲ್ಲಿ ಕೂತಿದ್ದಾಗ ಪಾತ್ರೆ ಬಿದ್ದ ಸದ್ದಾಯಿತು. ಓಡಿ ಹೋದೆ. ದೇಯಿಯಕ್ಕನ ಕೈ ಹಿಡಿಕೆಗೆ ಅಂಟಿತ್ತು. ಬಾಯಿ ತೆರೆದಿತ್ತು, ಸ್ವರ ಬರುತ್ತಿರಲಿಲ್ಲ. ನಾನು ಗೋಡೆಯ ಸ್ವಿಚ್ಚು ಎಳೆದೆ. ಅವರು ಹಿಂದಕ್ಕೆ ಗೋಡೆಗೆ ಬಿದ್ದರು.

ಉಸಿರು ಬಂತು. ಮೊಣಕೈ ಊದಿದೆ, ಅಂಗೈ ಸುಟ್ಟಿದೆ. ಕಂಕನಾಡಿಯ ಡಾಕ್ಟರು ಪಟ್ಟಿ ಕಟ್ಟಿದರು. ಗಾಡಿಯಲ್ಲಿ ಬರುವಾಗ ಅವರು ನನ್ನ ಹತ್ತಿರ, "ಮಾಸ್ಟ್ರು ಬಯ್ತಾರಾ? ಯಂತ್ರ ಹಾಳಾಯ್ತಾ?" ಎಂದು ಕೇಳಿದರು. ನಾನು ಅತ್ತೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಮಾರ್ಚ್ ೧೦, ಶುಕ್ರವಾರ

ಯಂತ್ರದ ಫ್ಯೂಸು ಕಿತ್ತು ನನ್ನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಮಾಸ್ಟರು ಬೆಳಿಗ್ಗೆಯೇ ದೇಯಿಯಕ್ಕನ ಮನೆಗೆ ಕಿತ್ತಳೆ ತೆಗೆದುಕೊಂಡು ಹೋಗಿ ಬಂದರಂತೆ. ಅವರ ಮುಖ ನೋಡಿದರೆ ರಾತ್ರಿ ನಿದ್ದೆ ಮಾಡಿದ ಹಾಗಿಲ್ಲ. ಆದರೂ ಮಧ್ಯಾಹ್ನ ನನ್ನನ್ನು ಕರೆದು, "ಬುಧವಾರ ಇನ್‌ಸ್ಪೆಕ್ಟರು ಬರುತ್ತಾರೆ. ಅವರು ಹೋಗುವ ತನಕ ಎಂತ ಬರೆಯಬೇಡ. ಆ ಮೇಲೆ ನೋಡುವ" ಎಂದರು. ಫ್ಯೂಸು ಎಲ್ಲಿ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಮಾರ್ಚ್ ೧೫, ಬುಧವಾರ

ಇನ್‌ಸ್ಪೆಕ್ಟರು ಬಂದರು. ಕಡಲು ಶಾಂತವಾಗಿತ್ತು, ಬಂಗುಡೆ ಧಾರಾಳವಾಗಿತ್ತು. ಮಾಸ್ಟರು ಬೇರೆ ಫ್ಯೂಸು ಹಾಕಿದ್ದರು. ಯಂತ್ರ ಐದು ನಿಮಿಷ ಓಡಿತು. ಹಿಡಿಕೆಯ ಪಕ್ಕದಲ್ಲಿ ಮಾಸ್ಟರೇ ನಿಂತಿದ್ದರು, ಯಾರನ್ನೂ ಹತ್ತಿರ ಬಿಡಲಿಲ್ಲ. ಅರ್ತ್ ಅಳೆದರೆ ನಾಲ್ಕು. ಇನ್‌ಸ್ಪೆಕ್ಟರು ಬೆನ್ನು ತಟ್ಟಿ, ಚಟ್ನಿ ಎರಡು ಸಲ ಹಾಕಿಸಿಕೊಂಡು ಹೋದರು. ಮಾಸ್ಟರು ಬೆವರು ಒರೆಸಿಕೊಂಡು ಫ್ಯೂಸು ತೆಗೆದರು.

ದೇಯಿಯಕ್ಕ ಕೈಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮಾಳಿಗೆಯಿಂದ ಬಿದ್ದದ್ದು ಎಂದು ಯಾರೋ ಇನ್‌ಸ್ಪೆಕ್ಟರಿಗೆ ಹೇಳಿದರು. ಮೆಸ್ಸಿಗೆ ಮಾಳಿಗೆ ಇಲ್ಲ.

ಸಂಜೆ ರಿಪೋರ್ಟನ್ನು ಹೊಸದಾಗಿ ಬರೆದೆ. ಮೀನು ಇದ್ದ ದಿನ ನಾಲ್ಕು, ಇಲ್ಲದ ದಿನ ಅರುವತ್ತು, ಕಾರಣ ಇಂಥದ್ದು, ಮಾರ್ಚ್ ೯ರಂದು ಆದದ್ದು ಇಂಥದ್ದು. ಕೊನೆಗೆ: ಈ ಅರ್ತನ್ನು ನಂಬತಕ್ಕದ್ದಲ್ಲ.

ಮಾರ್ಚ್ ೧೮, ಶನಿವಾರ

ಮಾಸ್ಟರು ಓದಿದರು. ಎರಡನೆಯ ಸಲವೂ ಓದಿದರು. "ತಪ್ಪು ಒಂದೂ ಇಲ್ಲ. ಇದಕ್ಕೆ ನಾನು ಸಹಿ ಹಾಕಲಾರೆ" ಎಂದರು.

ಕಮರುವಿಗೆ ಬುಧವಾರದ್ದನ್ನೇ ಬರೆದು ಸಹಿ ಹಾಕಿಸು ಎಂದು ನಾನೇ ಹೇಳಿದೆ. ಅವನಿಗೆ ಸಿಟ್ಟು ಬಂತು. "ನೀನು ದೊಡ್ಡ ಮನುಷ್ಯ, ನಾನು ಸಣ್ಣವನಾ?" ಎಂದ. ದೊಡ್ಡತನದ ಮಾತಲ್ಲ, ಒಬ್ಬನಾದರೂ ಪಾಸಾಗಿ ಕಂಪೆನಿಗೆ ಹೋದರೆ ಒಳ್ಳೆಯ ತಂತಿ ಕದ್ದು ತರಬಹುದು ಎಂದೆ. ಕೊನೆಗೆ ಬರೆದ. ಬರೆಯುವಾಗ ನನ್ನ ಮುಖ ನೋಡಲಿಲ್ಲ.

ಮಾರ್ಚ್ ೧೯, ಭಾನುವಾರ

ಬೈಕಂಪಾಡಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ಊಟ ಮುಗಿಸಿದರು. ಕೈ ತೊಳೆದು ಬಂದು, "ಇನ್ನೊಂದು ವರ್ಷವಾ?" ಎಂದರು. ಹೌದು ಎಂದೆ. "ಊರಿನವರಿಗೆ ನಾನು ಹೇಳಲಾರೆ. ನೀನೇ ಹೇಳು."

ಮನೆಮನೆಗೆ ಹೋಗಿ ಹೇಳಿ ಬಂದೆ. ಎರಡು ಕಡೆ ಬೆಲ್ಲ, ನೀರು ಕೊಟ್ಟರು. ಒಂದು ಕಡೆ ಬುದ್ಧಿ ಹೇಳಿದರು.

ಮಾರ್ಚ್ ೨೫, ಶನಿವಾರ

ಬಾವಿಯ ಹಿಂದೆ, ತೊಳೆದ ನೀರೆಲ್ಲ ಇಳಿದು ವರ್ಷವಿಡೀ ಒದ್ದೆಯಿರುವ ಜಾಗದಲ್ಲಿ ಹೊಸ ಅರ್ತಿಗೆ ಗುಂಡಿ ತೋಡಲು ಶುರು ಮಾಡಿದೆ. ಯಾರ ಅಪ್ಪಣೆಯೂ ಇಲ್ಲ. ಮುರಕಲ್ಲು ಹಾರೆಗೆ ಜಗ್ಗುವುದಿಲ್ಲ. ಕಮರು ಶುಭ್ರ ಅಂಗಿ ಬಿಚ್ಚಿ ಮರಕ್ಕೆ ತೂಗು ಹಾಕಿ, "ಬದಿಗೆ ಸರಿ ಮಾರಾಯ, ನೀನು ಕೆರೆಯುವುದು ನೋಡಿದರೆ ಮಳೆಗಾಲ ಬರ್ತದೆ" ಎಂದು ಇಳಿದ. ಈ ಶನಿವಾರ ಇಬ್ಬರೂ ಮನೆಗೆ ಹೋಗಲಿಲ್ಲ. ಇಬ್ಬರ ಅಂಗೈಯಲ್ಲೂ ಬೊಕ್ಕೆ.

ಮಾರ್ಚ್ ೨೮, ಮಂಗಳವಾರ

ಗುಂಡಿ ಆಳುದ್ದ ಆಯಿತು. ಅಡಿಯಲ್ಲಿ ನೀರು ಒಸರುತ್ತಿದೆ. ಹೊಸ ತಾಮ್ರದ ತಗಡು ವರ್ಕ್‌ಶಾಪಿನ ಬಾಗಿಲ ಬಳಿ ಒರಗಿಸಿತ್ತು, ಪಕ್ಕದಲ್ಲಿ ಒಂದು ಗೋಣಿ ಇದ್ದಿಲು. ಯಾರು ಇಟ್ಟದ್ದೆಂದು ಯಾರೂ ಹೇಳಲಿಲ್ಲ. ಉಗ್ರಾಣದ ಬೀಗದ ಕೈ ಇರುವುದು ಮಾಸ್ಟರ ಹತ್ತಿರ ಮಾತ್ರ.

ಮಾರ್ಚ್ ೩೧, ಶುಕ್ರವಾರ

ಕಟ್ಟು ಮದ್ರಾಸಿಗೆ ಹೋಯಿತು. ನನ್ನದು ಅದರಲ್ಲಿ ಇಲ್ಲ. ಸಿಟ್ಟು, ಬೇಸರ ಎರಡೂ ಉಂಟು. ಮಧ್ಯಾಹ್ನ ತಗಡು ಹೂತು ಮಣ್ಣು ಮುಚ್ಚಿದೆವು. ತಂತಿಯ ಗಂಟನ್ನು ಕಮರು ಸಡಿಲ ಕಟ್ಟಿದ್ದ, ಮತ್ತೆ ಕಟ್ಟಿಸಿದೆ.

ಏಪ್ರಿಲ್ ೩, ಸೋಮವಾರ

ಶನಿವಾರದಿಂದ ಮೆಸ್ಸಿನಲ್ಲಿ ಮೀನಿಲ್ಲ. ಬಿಸಿಲು ಸುಡುತ್ತಿತ್ತು. ಹಳೆಯ ಅರ್ತ್ ಅಳೆದರೆ ಎಪ್ಪತ್ತರ ಹತ್ತಿರ. ಹೊಸದು ಮೂರು.

ಮಾಸ್ಟರು ಬಂದು ಬಿಸಿಲಲ್ಲೇ ನಿಂತರು. "ಎಷ್ಟು?" ಎಂದರು.

"ಮೂರು ಸರ್."

"ನಾನು ನೋಡುತ್ತೇನೆ." ಕನ್ನಡಕ ಹಾಕಿ, ಬಗ್ಗಿ, ತಾವೇ ಮತ್ತೊಮ್ಮೆ ಅಳೆದರು. ಆಮೇಲೆ ಜೇ‌ಬಿನಿಂದ ನನ್ನ ರಿಪೋರ್ಟು ತೆಗೆದರು. ಮಡಚಿ ಮಡಚಿ ಗೆರೆ ಬಿದ್ದಿತ್ತು. ಅರುವತ್ತು ಎಂದು ಬರೆದ ಪುಟದ ಕೆಳಗೇ ಸಹಿ ಹಾಕಿದರು.

"ಕಟ್ಟು ಹೋಗಿ ಆಯಿತಲ್ಲ ಸರ್" ಎಂದೆ.

"ಇದನ್ನು ಬೇರೆಯೇ ಕಳುಹಿಸುತ್ತೇನೆ. ಪರೀಕ್ಷೆಗೆ ಕೂರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ನನ್ನನ್ನು ಇಟ್ಟುಕೊಳ್ಳುತ್ತಾರೋ ಅದೂ ಗೊತ್ತಿಲ್ಲ." ಇಷ್ಟು ಹೇಳಿ ಅವರು ಒಳಗೆ ಹೋದರು.

ಮೋಟಾರನ್ನು ಬಿಚ್ಚಿ, ಒಣಗಿಸಿ, ಮೇಲೆ ತಗಡಿನ ಮುಚ್ಚಳ ಕೂರಿಸಿದ್ದೆವು. ಹೊಸ ತಂತಿ ಬಿಗಿದು ಯಂತ್ರ ಓಡಿಸಿದೆವು. ಚೌಕಟ್ಟಿಗೆ ಮೀಟರು ಹಿಡಿದರೆ ಮುಳ್ಳು ಅಲುಗಲಿಲ್ಲ. ನಾನು ಚಪ್ಪಲಿ ಬಿಟ್ಟು, ಕೈ ಒದ್ದೆ ಮಾಡಿ, ಹಿಡಿಕೆ ಹಿಡಿದೆ. ಕಮರು ಸ್ವಿಚ್ಚಿನ ಮೇಲೆ ಕೈಯಿಟ್ಟು ಬಾಯಲ್ಲೇ ಏನೋ ಪ್ರಾರ್ಥನೆ ಓದಿಕೊಳ್ಳುತ್ತಿದ್ದ. ಏನೂ ಆಗಲಿಲ್ಲ.

ದೇಯಿಯಕ್ಕ ತೆಂಗಿನಕಾಯಿ ತುರಿ ತಂದು ಕಲ್ಲಿಗೆ ಹಾಕಿದರು. ಸ್ವಲ್ಪ ಹೊತ್ತು ಹಿಡಿಕೆಯನ್ನು ನೋಡುತ್ತಾ ನಿಂತರು. ಅಂಗೈಯ ಕಲೆ ಇನ್ನೂ ಕೆಂಪಗಿದೆ. ನಾನು ಬಾಗಿಲಿನ ಹತ್ತಿರ ನಿಂತಿದ್ದೆ. ಅವರು ಅದೇ ಕೈಯನ್ನು ಚಾಚಿ ಹಿಡಿಕೆ ಹಿಡಿದರು. ಮತ್ತೆ ಬಿಟ್ಟರು. ಮತ್ತೆ ಗಟ್ಟಿಯಾಗಿ ಹಿಡಿದು ಎಳೆದು, ಕಲ್ಲು ನಿಲ್ಲಿಸಿ, ಚಟ್ನಿ ಬಾಚತೊಡಗಿದರು.

ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. "ಎಂತ ಹಾಗೆ ಬಾಯಿ ಬಿಟ್ಟು ನಿಂತದ್ದು? ಎಲೆ ಹಾಕು ಹೋಗು, ಹಸಿವಾಗುವುದಿಲ್ವಾ ನಿನಗೆ?"

ಹೋಗಿ ಎಲೆ ಹಾಕಿದೆ.